ಎಷ್ಟು ಸಲ ಬರಬೇಕು ಡಾಕ್ಟ್ರೇ?

ಥೆರಪಿಗೆ ಹೊರಟ ಗೆಳೆಯ ಮೊನ್ನೆ ಹಳೆಯ ಬಸ್ ಟಿಕೆಟ್ಟಿನ ಹಿಂದೆ ಫೀಸಿನ ಲೆಕ್ಕ ಹಾಕಿಕೊಂಡು ಬಂದಿದ್ದ. ಹನ್ನೆರಡರಿಂದ ಗುಣಿಸಿದ ಮೊತ್ತದ ಕೆಳಗೆ ಎರಡು ಗೆರೆ. ವರ್ಷದ 52 ವಾರಕ್ಕೆ ಎಷ್ಟಾದೀತೆಂದು ಗುಣಿಸಲು ಹೊರಟವನು ಅರ್ಧಕ್ಕೇ ಕೈಬಿಟ್ಟಿದ್ದ. ‘ಒಬ್ಬರು ಹನ್ನೆರಡು ಸೆಷನ್ ಸಾಕು ಅಂತಾರೆ, ಇನ್ನೊಬ್ಬರು ವರ್ಷಗಟ್ಟಲೆ ಬೇಕಾಗಬಹುದು ಅಂತಾರೆ. ಯಾರನ್ನ ನಂಬೋದು ಮಾರಾಯ?’ ಅಂದ.

ಈ ಗೊಂದಲ ಹಳೆಯದು. 1910ರ ಆಗಸ್ಟ್‌ನಲ್ಲಿ, ಹೆಂಡತಿ ಕೈತಪ್ಪುತ್ತಿದ್ದಾಳೆಂದು ಕಂಗೆಟ್ಟ ಸಂಗೀತಗಾರ ಗುಸ್ತಾವ್ ಮಾಹ್ಲರ್, ರಜೆಯಲ್ಲಿದ್ದ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್‌ನನ್ನು ಹುಡುಕಿಕೊಂಡು ಹಾಲೆಂಡಿನ ಲೈಡನ್‌ಗೆ ಹೋದ. ಇಬ್ಬರೂ ಆ ಊರಿನ ಬೀದಿಗಳಲ್ಲಿ ಸುಮಾರು ನಾಲ್ಕು ಗಂಟೆ ಅಡ್ಡಾಡುತ್ತ ಮಾತಾಡಿದರು. ಚಿಕಿತ್ಸೆ ಅಂತ ನಡೆದದ್ದು ಅಷ್ಟೇ. ಮಾಹ್ಲರ್ ಹಗುರಾಗಿ ಮರಳಿದ. ಅದೇ ವರ್ಷ ವಿಯೆನ್ನಾದಲ್ಲಿ ಫ್ರಾಯ್ಡ್‌ನ ಮಂಚದ ಮೇಲೆ ಮಲಗಿದ ಸೆರ್ಗೆಯ್ ಪಂಕೆಯೆಫ್ ಎಂಬ ರಷ್ಯದ ಸಿರಿವಂತ ಯುವಕ ಮಾತ್ರ ವರ್ಷಗಳು ಉರುಳಿದರೂ ಏಳುವ ಲಕ್ಷಣ ತೋರಲಿಲ್ಲ. ಕೊನೆಗೆ ಫ್ರಾಯ್ಡೇ ಗಡುವು ಹಾಕಿದ. ಗಡುವು ಬಿದ್ದ ಮೇಲೆಯೇ ಒಳಗಿನ ಮಾತು ಹೊರಬಂತೆಂದು ಬರೆದೂ ಇದ್ದಾನೆ. 1914ರಲ್ಲಿ ಮುಗಿಯಿತು ಅಂದುಕೊಂಡದ್ದು ಮುಗಿಯಲಿಲ್ಲ. ಪಂಕೆಯೆಫ್ ಮುಪ್ಪಿನವರೆಗೂ ಮನೋವಿಶ್ಲೇಷಕರ ಬಾಗಿಲು ತಟ್ಟುತ್ತಲೇ ಇದ್ದ.

ಅಳೆದು ನೋಡಿದವರೂ ಇದ್ದಾರೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಖಿನ್ನತೆ, ಆತಂಕದಿಂದ ನರಳುತ್ತಿದ್ದ 326 ಜನರನ್ನು, ಚೀಟಿ ಎತ್ತಿದ ಹಾಗೆ, ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ಕೆಲವೇ ತಿಂಗಳ ಚಿಕಿತ್ಸೆ, ಮೂರನೆಯದಕ್ಕೆ ಸುಮಾರು ಮೂರು ವರ್ಷದ್ದು. ಮೊದಲ ವರ್ಷ ಚುಟುಕು ಚಿಕಿತ್ಸೆಯವರು ಮುಂದಿದ್ದರು. ಎರಡನೆಯ ವರ್ಷ ಸರಿಸಮ. ಮೂರನೆಯ ವರ್ಷ ದೀರ್ಘ ಚಿಕಿತ್ಸೆಯವರು ದಾಟಿಹೋದರು. ಹಾಗಂತ ಆಮೆಯೇ ಗೆದ್ದಿತು ಅನ್ನಬೇಡಿ. ಮುಂದಿನ ತಿಂಗಳು ಕೆಲಸಕ್ಕೆ ಹಾಜರಾಗಲೇಬೇಕಾದವನು ಮೂರನೆಯ ವರ್ಷದ ಸುಖ ಕಟ್ಟಿಕೊಂಡು ಏನು ಮಾಡಿಯಾನು?

ಗೆಳೆಯನ ತೊಂದರೆ ಮೀಟಿಂಗಿನಲ್ಲಿ ಮಾತಾಡಲು ಎದ್ದರೆ ಕೈ ನಡುಗುವುದು. ನೀರಿನ ಲೋಟ ಎತ್ತುವ ಧೈರ್ಯವೂ ಇಲ್ಲ. ಹೀಗೆ ಬೇಲಿ ಹಾಕಿದಂತಿರುವ ಕಷ್ಟಕ್ಕೆ ಸಿಬಿಟಿ, ಅಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಯಂಥದ್ದು ಒಗ್ಗುತ್ತದೆ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯಿಂದ ಬೆಳೆದ ಪದ್ಧತಿ ಅದು. ಶಾಲೆಯ ಹಾಗೆ ಹೋಮ್‌ವರ್ಕ್ ಕೊಡುತ್ತಾರೆ, ಸಾಮಾನ್ಯವಾಗಿ 12ರಿಂದ 20 ಸೆಷನ್ನಿನಲ್ಲಿ ಮುಗಿಸುತ್ತಾರೆ. ಮೂರು ನೌಕರಿ ಬಿಟ್ಟದ್ದೂ ಮೇಲಧಿಕಾರಿಯ ಜೊತೆ ಜಗಳವಾಡಿಯೇ, ಪ್ರತಿ ಬಾಸಿನ ಮುಖದಲ್ಲೂ ಅಪ್ಪನೇ ಕಾಣುತ್ತಾನೆ ಅನ್ನುವವರ ಮಾತು ಬೇರೆ. ಆ ಗಂಟು ಹನ್ನೆರಡು ವಾರಕ್ಕೆ ಸಡಿಲವಾಗದು. ಚುಟುಕಿನಿಂದಲೇ ಶುರು ಮಾಡು, ಸಾಲದಿದ್ದರೆ ಮುಂದುವರಿಸು ಅಂತ ಗೆಳೆಯನಿಗೆ ಅಂದೆ. ನನಗೆ ಭಯವಿರುವುದು ಉದ್ದದ ಚಿಕಿತ್ಸೆಯ ಬಗ್ಗೆಯಲ್ಲ. ಎಲ್ಲಿಗೆ ಬಂದೆವೆಂದು ಇಬ್ಬರೂ ಒಮ್ಮೆಯೂ ಕೇಳಿಕೊಳ್ಳದೆ ಗುರುವಾರದ ಸಂತೆಯ ಹಾಗೆ ರೂಢಿಯಾಗಿಬಿಡುವ ಚಿಕಿತ್ಸೆಯ ಬಗ್ಗೆ.

ಆದ್ದರಿಂದ ಮೊದಲ ದಿನವೇ ಕೇಳಿ: ಎಷ್ಟು ಸಲ, ಯಾತಕ್ಕೆ, ಎಷ್ಟನೆಯ ಸಲಕ್ಕೆ ಕೂತು ಹಿಂತಿರುಗಿ ನೋಡೋಣ? ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಬೇರೆ ಬಾಗಿಲು ನೋಡಿ. ಫೀಸಿನ ಲೆಕ್ಕಕ್ಕೇ ಹೆದರಿ ಕೂತವರು ಮೊದಲ ಮಾತಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಬಹುದು. ನಂಬರು 14416. ಕಾಸು ಕೇಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.