ನೀರುಟ್ಟವಳಿಗೆ ನಿವೇದನೆ

ತಾಯೇ, ಹಾಸಿಗೆಯಿಂದೆದ್ದು ನೆಲಕ್ಕೆ ಕಾಲಿಡುವ ಮುನ್ನ ನಿನ್ನ ಕ್ಷಮೆ ಕೇಳುವುದನ್ನು ಮನೆಯ ಹಿರಿಯರು ಕಲಿಸಿದರು. ಕಡಲನ್ನೇ ಉಟ್ಟವಳು ನೀನು. ಆ ಉಡುಗೆಯಡಿ ಸುಮಾರು 65,000 ಕಿಲೋಮೀಟರ್ ಉದ್ದದ ಬೆಟ್ಟಸಾಲನ್ನು ಮರೆಮಾಡಿಕೊಂಡಿದ್ದೀಯೆ. ನಮ್ಮ ಹಿಮಾಲಯ ಅದರ ಇಪ್ಪತ್ತೈದರಲ್ಲೊಂದು ಪಾಲೂ ಬಾರದು. ಅದನ್ನು ಓದಲು ಕುಳಿತಿದ್ದೇನೆ. ಕ್ಷಮೆಯನ್ನು ತುಸು ಹೆಚ್ಚಾಗಿಯೇ ಬೇಡಬೇಕು.

ನನ್ನ ಪಾಲಿಗೆ ಬಂದದ್ದು ಅರಬ್ಬಿ ಸಮುದ್ರದ ತೆಂಕಣದ ಕಾರ್ಲ್ಸ್‌ಬರ್ಗ್ ಏಣು. ಹೆಸರು ಕೇಳಿ ಮುನಿಯಬೇಡ. 1928–30ರ ಡೆನ್ಮಾರ್ಕಿನ ಸಾಗರಯಾನಕ್ಕೆ ಹಣ ಕೊಟ್ಟ ಪ್ರತಿಷ್ಠಾನದ ಹೆಸರದು, ಪ್ರತಿಷ್ಠಾನದ ಹಣ ಬಿಯರಿನದು. ಸುಮಾರು 6.3 ಕೋಟಿ ವರ್ಷಗಳ ಹಿಂದೆ ಸೇಶೆಲ್ಸ್ ನಮ್ಮ ಪಡುವಣ ಅಂಚಿನಿಂದ ಬಿಡಿಸಿಕೊಂಡು ಹೋದದ್ದು ಈ ಏಣು ಬಾಯ್ತೆರೆದಾಗ. ಇಂದಿಗೂ ವರ್ಷಕ್ಕೆ ಎರಡು ಮೂರು ಸೆಂಟಿಮೀಟರ್ ತೆರೆಯುತ್ತಲೇ ಇದೆ.

ಆದರೆ ತಾಯೇ, ನನ್ನನ್ನು ಬೆರಗುಗೊಳಿಸಿದ್ದು ಅಲ್ಲಿನ ಬೆಂಕಿ. ಅಲ್ಲಿ ಯಾರೂ ಉರಿ ಹೆಚ್ಚಿಸುವುದಿಲ್ಲ. ಭೂಫಲಕಗಳೆರಡು ದೂರ ಸರಿದಂತೆ ಆಳದ ಬಿಸಿಕಲ್ಲು, ಇನ್ನೂ ಘನವಾಗಿರುವಾಗಲೇ, ತೆರವಾದೆಡೆಗೆ ಮೆಲ್ಲಗೆ ಏರುತ್ತದೆ. ಏರಿದಷ್ಟೂ ಮೇಲಿನ ಒತ್ತಡ ಕಡಿಮೆ. ಒತ್ತಡ ಇಳಿದಂತೆ ಕರಗಲು ಬೇಕಾದ ಕಾವೂ ಇಳಿಯುತ್ತದೆ. ಇದ್ದ ಬಿಸಿಯಲ್ಲೇ ಕಲ್ಲಿನ ಒಂದು ಸಣ್ಣ ಪಾಲು ಕರಗಿ, ಮೇಲೆ ಬಂದು, ತಣಿದು ಬಸಾಲ್ಟ್ ಆಗುತ್ತದೆ. ಹೊರೆ ಇಳಿದದ್ದಕ್ಕೇ ಕರಗುವ ಕಲ್ಲು! ಏಣೇ ಫಲಕಗಳನ್ನು ಅತ್ತಿತ್ತ ನೂಕುತ್ತದೆಂದು ನಂಬಿದ್ದವರೂ ಉಂಟು. ಹೆಚ್ಚಿನ ಎಳೆತವೆಲ್ಲ ದೂರದಲ್ಲಿ, ತಣ್ಣಗಾಗಿ ತೂಕ ಬಂದು ಆಳಕ್ಕಿಳಿಯುತ್ತಿರುವ ಹಳೆಯ ಫಲಕದ್ದು.

ಕಾಣದ್ದನ್ನು ಓದಿದವರ ತಾಳ್ಮೆಯನ್ನು ನನಗೂ ಕೊಡು. ಮೇರಿ ಥಾರ್ಪ್ ಅವರನ್ನು ಹೆಣ್ಣೆಂದು ಹಡಗು ಹತ್ತಿಸಲಿಲ್ಲ. ಗಂಡಸರು ತಂದ ಆಳದ ಅಂಕಿಗಳನ್ನು ನ್ಯೂಯಾರ್ಕಿನ ಬಳಿ ಮೇಜಿನ ಮೇಲೆ ಗೆರೆಯಾಗಿಸುತ್ತ, 1952ರ ಹೊತ್ತಿಗೆ ಅಟ್ಲಾಂಟಿಕ್ ಏಣಿನ ನೆತ್ತಿಯಲ್ಲಿ ಸೀಳುಕಣಿವೆಯನ್ನು ಕಂಡರು. ಜೊತೆಗಾರ ಬ್ರೂಸ್ ಹೀಜನ್ ಅದನ್ನು ಮೊದಲು ಹುಡುಗಿಯರ ಹರಟೆಯೆಂದು ತಳ್ಳಿಹಾಕಿದ. ಕಣಿವೆ ಅಲ್ಲೇ ಇತ್ತು.

ನನ್ನ ಈ ಏಣಿಗೂ ಒಂದು ಹಿರಿಮೆಯಿದೆ. 1962ರಲ್ಲಿ ‘ಓವನ್’ ಎಂಬ ಬ್ರಿಟಿಷ್ ಹಡಗು ಇದರ ಕಾಂತತ್ವವನ್ನು ಅಳೆಯಿತು; ಆ ಅಳತೆಗಳನ್ನು ಹಿಡಿದೇ ಭೂವಿಜ್ಞಾನಿಗಳಾದ ವೈನ್ ಮತ್ತು ಮ್ಯಾಥ್ಯೂಸ್ ಮರುವರ್ಷ ಹೊಸ ವಾದ ಮಂಡಿಸಿದರು. ತಣಿಯುವ ಬಸಾಲ್ಟ್ ಆಗಿನ ಉತ್ತರ ದಿಕ್ಕನ್ನು ತನ್ನೊಳಗೆ ಬರೆದುಕೊಳ್ಳುತ್ತದೆ. ನೀನು ಧ್ರುವಗಳನ್ನು ಅದಲುಬದಲು ಮಾಡಿದಾಗ ಬರಹವೂ ತಿರುಗುತ್ತದೆ. ಹಾಗಾಗಿ ಏಣಿನ ಎರಡೂ ಮಗ್ಗುಲಲ್ಲಿ ಜೋಡಿ ಜೋಡಿ ಪಟ್ಟೆಗಳು.

ಈಗ ನನ್ನ ಬೇಡಿಕೆ. ನೈಋತ್ಯದ ಒಂದು ಪಟ್ಟೆಗೆ ಈಶಾನ್ಯದಲ್ಲಿ ಜೋಡಿ ಸಿಗುತ್ತಿಲ್ಲ. ಏಣು ಹಿಂದೊಮ್ಮೆ ಜಾಗ ಬದಲಿಸಿತ್ತೋ, ಅಳೆದ ಹಡಗೇ ಓರೆಯಾಗಿ ಓಡಿತ್ತೋ ತಿಳಿಯದು. ಇರದ ಪಟ್ಟೆಯನ್ನು ಪೆನ್ಸಿಲಿನಲ್ಲಿ ತುಂಬಲು ಕೈ ತುರಿಸುತ್ತಿದೆ, ತಡೆ. ಏಣು ಸರಿದದ್ದು ನಿಜವಾದರೆ ಸುಳಿವು ಕೊಡು. ತಪ್ಪು ಹಡಗಿನದಾದರೆ, ಮಳೆಗಾಲ ಕಳೆದ ಮೇಲೆ ಇನ್ನೊಂದು ಓಟಕ್ಕೆ ಮಂಜೂರಾತಿ ಕೊಡಿಸು.