ಗೂಡಿಗೆ ಬಾರದ ಕೋಳಿಗಳು

(ಓದತಕ್ಕ ಭಾಗ: ಲೂಕ 13:31–35)



ಹಿತ್ತಿಲಲ್ಲಿ ನಾಲ್ಕು ಕೋಳಿಗಳಿಲ್ಲದ ಮನೆ ನಮ್ಮ ಹಳ್ಳಿಯ ಸಭೆಗಳಲ್ಲಿ ಅಪರೂಪ. ಮೊಟ್ಟೆ ಮಾರಿ ಉಪ್ಪು ಎಣ್ಣೆ ತರುವ ವಿಧವೆಯರು ನಮ್ಮಲ್ಲಿದ್ದಾರೆ. ಬೆಳೆ ಹಬ್ಬದ ದಿನ ಹುಂಜವನ್ನು ಕಂಕುಳಲ್ಲಿ ಹಿಡಿದು ದೇವಾಲಯಕ್ಕೆ ಬರುವ ಮಕ್ಕಳೂ ನಮ್ಮಲ್ಲಿದ್ದಾರೆ. ಆದದರಿಂದ ನಮ್ಮ ಕರ್ತನು ಯೆರೂಸಲೇಮನ್ನು ನೆನಸಿ ದುಃಖಪಟ್ಟು, ಮರಿಗಳನ್ನು ರೆಕ್ಕೆಯ ಕೆಳಗೆ ಸೇರಿಸಿಕೊಳ್ಳುವ ಹೇಂಟೆಗೆ ತನ್ನನ್ನು ಹೋಲಿಸಿಕೊಂಡ ಮಾತು ನಮಗೆ ಬೇಗ ತಿಳಿಯುವದು. ಆದರೆ ತಿಳಿದದ್ದನ್ನು ಮಾಡುವದು ಬೇರೆ. ಈ ತಿಂಗಳು ನಾವು ನಮ್ಮ ಸ್ವಂತ ಹಿತ್ತಿಲಲ್ಲಿ ಕಲಿತ ಒಂದು ಪಾಠವನ್ನು, ನಮ್ಮ ತಪ್ಪನ್ನು ಮರೆಮಾಡದೆ, ನಿಮ್ಮ ಮುಂದೆ ಇಡುತ್ತೇವೆ.

ಕೆಲವು ವರುಷಗಳ ಹಿಂದೆ ನಾವು ಒಂಬತ್ತು ಕೋಳಿಗಳನ್ನೂ ಅವುಗಳಿಗಾಗಿ ಒಂದು ಹಳೇ ಮರದ ಗೂಡನ್ನೂ ಕೊಂಡೆವು. ಗೂಡು ಬಲವಾಗಿತ್ತು, ಬಾಗಿಲಿಗೆ ಅಗುಳಿಯೂ ಇತ್ತು. ಆದರೆ ಹೊತ್ತು ಮುಳುಗುತ್ತಲೇ ಒಂಬತ್ತೂ ಹಲಸಿನ ಮರಕ್ಕೆ ಹಾರಿ ಕೊಂಬೆಗಳಲ್ಲಿ ಕೂತುಕೊಂಡವು. ನಾವು ಕೂಗಿದೆವು, ಗಳದಿಂದ ತಿವಿದೆವು, ಮಣ್ಣಿನ ಹೆಂಟೆಗಳನ್ನು ಎಸೆದೆವು. ಎಸೆದಷ್ಟೂ ಅವು ಇನ್ನೂ ಮೇಲಿನ ಕೊಂಬೆಗೆ ಹೋದವು. ಇವು ಹಟಮಾರಿ ಜಾತಿ, ಬುದ್ಧಿ ಬರಲಿ ಎಂದು ಹೇಳಿ ಬಾಗಿಲು ಹಾಕಿ ಮಲಗಿದೆವು. ಮೂರನೆಯ ರಾತ್ರಿ ಮರದಲ್ಲಿ ಒಂದು ಕಿರಿಚಾಟ ಕೇಳಿತು. ನಾವು ದೀಪ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲಾ ಮುಗಿದಿತ್ತು. ಬೆಳಿಗ್ಗೆ ಎಣಿಸಿದರೆ ಏಳು ಮಾತ್ರ. ಪುನುಗುಬೆಕ್ಕಿಗೆ ಮರ ಹತ್ತುವದನ್ನು ಯಾರೂ ಕಲಿಸಬೇಕಾಗಿಲ್ಲ.

ಆ ದಿನ ನಮ್ಮ ಸಭೆಯ ಒಬ್ಬ ಮುದುಕಿ ಬಂದು, ಚದರಿದ ಗರಿಗಳನ್ನು ನೋಡಿದಳು. ಅವಳು ಕೋಳಿಗಳನ್ನು ಬೈಯಲಿಲ್ಲ. ಗೂಡಿನೊಳಗೆ ಕೈ ಹಾಕಿ, ಅಡ್ಡಗೋಲಿನ ಬಿರುಕನ್ನು ಉಗುರಿನಿಂದ ಕೆರೆದು, ಅಂಗೈಯನ್ನು ನಮಗೆ ತೋರಿಸಿದಳು. ಅಲ್ಲಿ ಸಾಸಿವೆಗಿಂತಲೂ ಸಣ್ಣ ಕೆಂಪು ಚುಕ್ಕೆಗಳು ಹರಿದಾಡುತ್ತಿದ್ದವು. “ಅಯ್ಯಾ, ಕೋಳಿಗೆ ಬೈಯುವ ಮೊದಲು ಗೂಡನ್ನು ನೋಡಬೇಕಿತ್ತು” ಎಂದು ಹೇಳಿ ಅವಳು ಹೊರಟುಹೋದಳು.

ಪ್ರಿಯರೇ, ಆ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ಅದರಿಂದ ನಾವು ಮೂರು ಸಂಗತಿಗಳನ್ನು ಕಲಿತೆವು.

ಮೊದಲನೆಯದಾಗಿ, ಮರ ಹತ್ತುವದು ಕೋಳಿಯ ಹಳೇ ಸ್ವಭಾವ. ನಮ್ಮ ಮನೆಯ ಕೋಳಿಗಳೆಲ್ಲಾ ಕಾಡುಕೋಳಿಯ ಸಂತಾನ. ಮುಖ್ಯವಾದ ಮೂಲವು ಕೆಂಪು ಕಾಡುಕೋಳಿ. ಆದರೆ ಅನೇಕ ಕೋಳಿಗಳ ಹಳದಿ ಕಾಲು, ಹಳದಿ ಚರ್ಮ ನಮ್ಮ ಘಟ್ಟದ ಕಾಡಿನಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಶೋಧಕರು ಕಂಡುಕೊಂಡರು. ಕಾಡುಕೋಳಿಗಳು ನೆಲದಲ್ಲಿ ಮೇಯ್ದು ಮರದಲ್ಲಿ ಮಲಗುವವು. ಸಾವಿರಾರು ವರುಷ ಮನುಷ್ಯರ ಮನೆಯ ಕಾಳು ತಿಂದರೂ ಕತ್ತಲಾಗುವಾಗ ಎತ್ತರಕ್ಕೆ ಏರಬೇಕೆಂಬ ಆಶೆ ಅವುಗಳ ರಕ್ತದಲ್ಲಿ ಉಳಿದದೆ. ನಮ್ಮಲ್ಲಿಯೂ ಹಾಗೆಯೇ ಅಲ್ಲವೋ? ದೀಕ್ಷಾಸ್ನಾನ ಹೊಂದಿದ ದಿನವೇ ಹಳೇ ಮನುಷ್ಯನು ಗಂಟು ಕಟ್ಟಿಕೊಂಡು ಹೋಗಿಬಿಡುವದಿಲ್ಲ. ಹೊತ್ತು ಮುಳುಗಿದಾಗ ಕಾಲುಗಳು ತಾವಾಗಿ ಹಳೇ ದಾರಿಗೆ, ಹೆಂಡದ ಅಂಗಡಿಗೆ, ಜೂಜಿನ ಜಗಲಿಗೆ ತಿರುಗುವವು. ಇದನ್ನು ಪಾಪವಲ್ಲವೆಂದು ನಾವು ಹೇಳುವದಿಲ್ಲ. ಆದರೆ ಬೈಗಳದಿಂದ ಇದು ವಾಸಿಯಾಗುವದೆಂದು ಎಣಿಸುವವನು ಮನುಷ್ಯನ ಸ್ವಭಾವವನ್ನೂ ದೇವರ ಕೃಪೆಯನ್ನೂ ಅರಿಯನು.

ಎರಡನೆಯದಾಗಿ, ಗೂಡನ್ನು ಶೋಧಿಸಬೇಕು. ಆ ಕೆಂಪು ನುಸಿಗಳು ಹಗಲೆಲ್ಲಾ ಬಿರುಕುಗಳಲ್ಲಿ ಅಡಗಿದ್ದು, ರಾತ್ರಿ ಹೊರಟು ಮಲಗಿದ ಕೋಳಿಯ ರಕ್ತವನ್ನು ಹೀರಿ, ಬೆಳಗಾಗುವ ಮೊದಲು ಮತ್ತೆ ಅಡಗುವವು. ಹಗಲು ಹೊತ್ತಿನಲ್ಲಿ ನೋಡುವವನಿಗೆ ಗೂಡು ಶುದ್ಧವಾಗಿಯೇ ಕಾಣುವದು. ಕೋಳಿಯಿಲ್ಲದ ಗೂಡಿನಲ್ಲಿಯೂ ಅವು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು. ನಾವು ಅಡ್ಡಗೋಲುಗಳನ್ನು ಕಿತ್ತು ಕುದಿಯುವ ನೀರು ಹೊಯ್ದು ಬಿಸಿಲಿಗೆ ಹಾಕಿದೆವು. ಗೋಡೆಗಳನ್ನು ಕೆರೆದು ಬಿರುಕುಗಳಿಗೆಲ್ಲಾ ಸುಣ್ಣ ಬಳಿದೆವು. ವಾರ ಕಳೆದ ಮೇಲೆ ಇನ್ನೊಮ್ಮೆ ಹಾಗೆಯೇ ಮಾಡಿದೆವು. ಗಾಳಿ ಆಡುವಂತೆ ಮಾಡಿನ ಕೆಳಗೆ ಕಿಂಡಿ ತೆರೆದು ಬಲವಾದ ಜಾಲರಿ ಹೊಡೆದೆವು. ಎರಡು ಅಂಗುಲ ಅಗಲದ ನುಣುಪಾದ ಕೋಲುಗಳನ್ನು, ಕೋಳಿಗೆ ಒಂದು ಗೇಣಿನಷ್ಟಾದರೂ ಸ್ಥಳವಿರುವಂತೆ ಇಟ್ಟೆವು. ಯಾಕಂದರೆ ಇಕ್ಕಟ್ಟಾದಲ್ಲಿ ಬಲವಾದ ಕೋಳಿಯು ಬಡ ಕೋಳಿಯನ್ನು ಕುಕ್ಕಿ ಹೊರಗೆ ಹಾಕುವದು. ಹೊರಗೆ ಉಳಿದದ್ದು ಹಟಮಾರಿಯೆಂದು ನಾವು ತಿಳಿಯುತ್ತೇವೆ! ಗಿರಿರಾಜದಂಥ ಭಾರವಾದ ಕೋಳಿಗಳಿದ್ದರೆ ಕೋಲು ತಗ್ಗಿನಲ್ಲಿರಲಿ. ಏರಲಾರದ ಎತ್ತರದಲ್ಲಿ ಸ್ಥಳವಿಟ್ಟು ಯಾಕೆ ಬರಲಿಲ್ಲವೆಂದು ಕೇಳುವದು ನ್ಯಾಯವಲ್ಲ.

ಇಲ್ಲಿ ನಾವು ನಮ್ಮ ದೊಡ್ಡ ತಪ್ಪನ್ನು ಹೇಳಬೇಕು. ಅದೇ ವರುಷ ನಮ್ಮ ಸಭೆಯ ಒಬ್ಬ ಯೌವನಸ್ಥನು ಆರಾಧನೆಗೆ ಬರುವದನ್ನು ಬಿಟ್ಟಿದ್ದನು. ನಾವು ಕೂಟದಲ್ಲಿ ಎಲ್ಲರ ಮುಂದೆ ಅವನನ್ನು ಗದರಿಸಿದೆವು. ಅವನು ಒಂದು ಮಾತೂ ಆಡದೆ ಎದ್ದುಹೋದನು. ಆ ಮೇಲೆ ನಮ್ಮನ್ನು ಕಂಡರೆ ದಾರಿ ತಪ್ಪಿಸಿ ನಡೆದನು. ನಾವು ಎಸೆದ ಹೆಂಟೆಯು ಅವನನ್ನು ಮೇಲಿನ ಕೊಂಬೆಗೆ ಅಟ್ಟಿತು. ಮುದುಕಿಯ ಮಾತನ್ನು ಕೇಳಿದ ಮೇಲೆಯೇ ನಾವು ಗೂಡನ್ನು ನೋಡಿದೆವು. ನಮ್ಮ ಸಭೆಯಲ್ಲಿ ಎರಡು ಮನೆಯವರು ಬೇಲಿಯ ಜಗಳದಿಂದ ಮಾತು ಬಿಟ್ಟು, ಒಂದೇ ಮೇಜಿನಿಂದ ಕರ್ತನ ಭೋಜನವನ್ನು ತಕ್ಕೊಳ್ಳುತ್ತಿದ್ದರು. ಆರಾಧನೆ ಮುಗಿಯುವದೇ ತಡ, ಬಡವನ ಅಂಗಿ, ಸಾಲಗಾರನ ಸಾಲ, ಹೆಣ್ಣುಮಕ್ಕಳ ಮದುವೆ ಇವುಗಳ ವಿಷಯವಾಗಿ ಪಿಸುಮಾತು ಆರಂಭವಾಗುತ್ತಿತ್ತು. ಆ ಹುಡುಗನ ತಂದೆಯ ಸಾಲದ ಸುದ್ದಿಯನ್ನೂ ಹಾಗೆಯೇ ಆಡಿದ್ದರು. ಹಗಲಿನಲ್ಲಿ ನಮ್ಮ ಸಭೆ ಶುದ್ಧವಾಗಿ ಕಂಡಿತು. ಮಲಗಲು ಬಂದವನ ರಕ್ತವನ್ನು ಹೀರುವದು ಬಿರುಕಿನಲ್ಲಿತ್ತು.

ತಂದೆತಾಯಿಗಳೇ, ನಿಮ್ಮ ಮಗನು ಸಂಜೆ ಮನೆಗೆ ಬರುವದಿಲ್ಲವೆಂದು ನೀವು ಅಳುತ್ತೀರಿ. ಅವನು ಬಂದರೆ ಏನು ಕಾಣುವನು? ದೀಪವೋ, ಜಗಳವೋ? ಕುಟುಂಬ ಪ್ರಾರ್ಥನೆಯೋ, ಲೆಕ್ಕ ಕೇಳುವ ಕಟು ಮಾತೋ? ಸುಣ್ಣವು ಅಗ್ಗವಾಗಿದೆ, ಸಹೋದರರೇ. ಒಬ್ಬರಿಗೊಬ್ಬರು ಕ್ಷಮೆ ಬೇಡುವದಕ್ಕೆ ಹಣವೇನೂ ಬೇಕಾಗಿಲ್ಲ.

ಮೂರನೆಯದಾಗಿ, ತಾಳ್ಮೆಯಿಂದ ಮನೆಯನ್ನು ಕಲಿಸಬೇಕು. ಗೂಡು ಶುದ್ಧವಾದ ಮೇಲೆ ಆ ಏಳು ಕೋಳಿಗಳನ್ನು ಒಂದು ವಾರ ಒಳಗೇ ಇಟ್ಟು, ಅಲ್ಲಿಯೇ ಕಾಳು ನೀರು ಕೊಟ್ಟೆವು. ಆ ಮೇಲೆ ಹೊತ್ತು ಮುಳುಗುವದಕ್ಕೆ ಒಂದು ತಾಸು ಮೊದಲು ಮಾತ್ರ ಬಿಟ್ಟೆವು. ದಿನದ ಕೊನೆಯ ಹಿಡಿ ಕಾಳನ್ನು ಗೂಡಿನೊಳಗೇ ಚೆಲ್ಲಿದೆವು. ಕತ್ತಲೆಯ ಬಿಲದೊಳಗೆ ಹೋಗಲು ಕೋಳಿ ಅಂಜುವದರಿಂದ ಒಳಗೆ ಒಂದು ದೀಪವನ್ನು ತೂಗಹಾಕಿ, ಅವು ಕೂತ ಮೇಲೆ ಆರಿಸಿದೆವು. ಹಾಗಾದರೂ ಎರಡು ಕೋಳಿಗಳು ಮತ್ತೆ ಮರಕ್ಕೆ ಹೋದವು. ಈಗ ನಾವು ಹೆಂಟೆ ಎಸೆಯಲಿಲ್ಲ. ಕೋಳಿಗೆ ಇರುಳಿನಲ್ಲಿ ಕಣ್ಣು ಬಹಳ ಮಂದ. ಪೂರಾ ಕತ್ತಲಾದ ಮೇಲೆ ಏಣಿ ಇಟ್ಟು ಹತ್ತಿ, ರೆಕ್ಕೆಗಳನ್ನು ಎರಡು ಕೈಗಳಿಂದ ಮೆಲ್ಲಗೆ ಒತ್ತಿ ಹಿಡಿದು, ಎದೆಗೆ ಆನಿಸಿಕೊಂಡು ಇಳಿಸಿ, ಕೋಲಿನ ಮೇಲೆ ಕೂರಿಸಿದೆವು. ಮರುದಿನವೂ, ಅದರ ಮರುದಿನವೂ ಹಾಗೆಯೇ ಮಾಡಿದೆವು. ಒಂಬತ್ತನೆಯ ಸಂಜೆ ಏಣಿ ತರಲು ಹೋದಾಗ ಮರದಲ್ಲಿ ಒಂದೂ ಇರಲಿಲ್ಲ. ಏಳೂ ಗೂಡಿನೊಳಗೆ ಸಾಲಾಗಿ ಕೂತಿದ್ದವು. ನಾವು ಎಣಿಸಿ, ಅಗುಳಿ ಹಾಕಿದೆವು.

ಕಳೆದುಹೋದ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದವನ ಸಾಮ್ಯವನ್ನು ನಾವು ಎಷ್ಟು ಸಾರಿ ಸಾರಿದ್ದೇವೆ! ಅದರ ಭಾರವನ್ನು ಆ ಏಣಿಯ ಮೇಲೆ ಅರಿತೆವು. ಆ ಬಳಿಕ ಒಂದು ರಾತ್ರಿ ಆ ಯೌವನಸ್ಥನ ಮನೆಗೆ ಹೋಗಿ, ಎಲ್ಲರ ಮುಂದೆ ನಿನ್ನನ್ನು ಅವಮಾನಪಡಿಸಿದ್ದು ನಮ್ಮ ಪಾಪವೆಂದು ಹೇಳಿದೆವು. ಅವನು ಸುಮ್ಮನಿದ್ದನು. ಇನ್ನೂ ಅನೇಕ ರಾತ್ರಿ ಹೋದೆವು. ಈಗಲೂ ಅವನು ಪ್ರತಿ ಭಾನುವಾರ ಬರುವದಿಲ್ಲ. ಬಂದ ದಿನ ಬಾಗಿಲ ಬಳಿಯ ಕಡೇ ಬೆಂಚಿನಲ್ಲಿ ಕೂಡ್ರುತ್ತಾನೆ. ಮನುಷ್ಯನು ಕೋಳಿಯಲ್ಲ, ಅವನನ್ನು ಹಿಡಿದು ಒಳಗೆ ಕೂರಿಸುವ ಅಧಿಕಾರ ನಮಗಿಲ್ಲ. ಯೆರೂಸಲೇಮಿನವರು ಮನಸ್ಸು ಮಾಡದೆ ಹೋದಾಗ ಕರ್ತನೂ ಬಲಾತ್ಕಾರ ಮಾಡಲಿಲ್ಲ, ದುಃಖಪಟ್ಟನು. ಆದರೆ ಕರೆಯುವದನ್ನು ಬಿಡಲಿಲ್ಲ.

ಕಡೆಗೆ ಈ ಒಂದು ಮಾತನ್ನು ಕೇಳಿರಿ. ಲೂಕನು ಬರೆದ ಈ ಭಾಗದಲ್ಲಿ ಮೊದಲು ನರಿಯ ಹೆಸರು ಬರುತ್ತದೆ, ಆ ಮೇಲೆ ಹೇಂಟೆಯ ಹೆಸರು. ತನ್ನನ್ನು ಕೊಲ್ಲಬೇಕೆಂದಿದ್ದ ಹೆರೋದನನ್ನು ಕರ್ತನು ನರಿಯೆಂದು ಕರೆದನು. ಆ ನರಿಗೆ ಎದುರಾಗಿ ಅವನು ತನ್ನನ್ನು ಸಿಂಹವೆಂದು ಹೇಳಬಹುದಾಗಿತ್ತು; ಹಾಗೆ ಹೇಳದೆ ಹೇಂಟೆಯೆಂದನು. ಹೇಂಟೆಗೆ ಕೋರೆಹಲ್ಲುಗಳಿಲ್ಲ. ಮರಿಗಳ ಮೇಲೆ ರೆಕ್ಕೆ ಹರಡಿ, ನರಿಗೂ ಮರಿಗೂ ನಡುವೆ ತನ್ನ ಮೈಯನ್ನೇ ಇಡುವದು. ಅಷ್ಟೇ ಅದರ ಬಲ. ಮೊದಲ ವಾರಗಳಲ್ಲಿ ಮರಿಗೆ ಸ್ವಂತ ಬಿಸಿಯೂ ಸಾಲದು. ತಾಯಿಯ ಎದೆಯ ಬಿಸಿಯಿಂದಲೇ ಅದು ಬದುಕುವದು. ಗೊಲ್ಗೊಥಾದಲ್ಲಿ ನಮ್ಮ ಕರ್ತನು ಕೈಗಳನ್ನು ಚಾಚಿ ಮಾಡಿದ್ದು ಇದನ್ನೇ. ನಮ್ಮ ಸಭೆಗಳಿಗೆ ಬೇರೆ ಬಿಸಿಯೂ ಇಲ್ಲ, ಬೇರೆ ಆಶ್ರಯವೂ ಇಲ್ಲ.

ಆದಕಾರಣ ಪ್ರಿಯರೇ, ಈ ಸಂಜೆ ನಿಮ್ಮ ಕೋಳಿಗಳನ್ನು ಎಣಿಸಿ ಬಾಗಿಲು ಹಾಕುವಾಗ, ನಿಮ್ಮ ಮನೆಯವರನ್ನೂ ಸಭೆಯವರನ್ನೂ ಹೆಸರು ಹೆಸರಾಗಿ ಎಣಿಸಿರಿ. ಒಬ್ಬನು ಕಡಿಮೆಯಾಗಿದ್ದರೆ ಕೈಯಲ್ಲಿರುವ ಹೆಂಟೆಯನ್ನು ಕೆಳಗಿಡಿರಿ. ಮೊದಲು ಗೂಡನ್ನು ನೋಡಿರಿ. ಆ ಮೇಲೆ ಏಣಿಯನ್ನು ತಕ್ಕೊಂಡು ಹೊರಡಿರಿ. ಮರದ ಮೇಲೆ ಕೂತವನು ನೀವೇ ಆಗಿದ್ದರೆ, ಕತ್ತಲೆ ದಟ್ಟವಾಗುವ ಮೊದಲು ಇಳಿದು ಬನ್ನಿರಿ. ರೆಕ್ಕೆಗಳು ಇನ್ನೂ ಚಾಚಿಯೇ ಇವೆ.

ಕರ್ತನೇ, ನಮ್ಮ ಬಿರುಕುಗಳನ್ನು ನೀನೇ ಶೋಧಿಸಿ ಶುದ್ಧಮಾಡು. ಹೊರಗಿರುವವರನ್ನು ನಿನ್ನ ಎದೆಗೆ ಸೇರಿಸಿಕೋ. ಅವರನ್ನು ಕರೆಯುವ ನಮ್ಮ ಬಾಯಿಂದ ಕಟು ಮಾತು ಬಾರದಂತೆ ಕಾಯಿ. ಆಮೆನ್.