ಕೆಸರಿನ ಋಣ

ಒಳ್ಳೆಯದೊಂದು ಕೆಟ್ಟದರ ಆಶ್ರಯದಲ್ಲಿ ಬೆಳೆದಿದ್ದರೆ, ಆ ಒಳ್ಳೆಯದನ್ನು ಅನುಭವಿಸುವವನು ಕೆಟ್ಟದಕ್ಕೂ ಋಣಿಯಾಗುವನೆ? ಈ ಪ್ರಶ್ನೆ ನೀತಿವಿಚಾರದಲ್ಲಿ ಹೊಸದೇನೂ ಅಲ್ಲ. ಕೆಸರಿನಲ್ಲಿ ಕಮಲ ಹುಟ್ಟುವುದಿಲ್ಲವೆ ಎಂದು ಹೇಳಿ ಲೋಕವು ಸಾಮಾನ್ಯವಾಗಿ ಅದನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಕಮಲವನ್ನು ಕೊಯ್ದು ದೇವರಿಗೆ ಏರಿಸುವವನು ಕೆಸರನ್ನು ಕುರಿತು ಯೋಚಿಸಬೇಕಾಗಿಲ್ಲವೆಂಬುದು ನಿಜ. ಏಕೆಂದರೆ ಕೊಳದ ಕೆಸರು ಯಾರಿಗೂ ಅನ್ಯಾಯ ಮಾಡಿದ್ದಲ್ಲ. ಆದರೆ ಮನುಷ್ಯರ ಅನ್ಯಾಯವೇ ಕೆಸರಾಗಿರುವ ಕಡೆ ಈ ಉಪಮಾನವು ಅಷ್ಟು ಸುಲಭವಾಗಿ ಸಮಾಧಾನವನ್ನು ಕೊಡಲಾರದು. ಅಂಥ ಒಂದು ಊರಿನ ಚರಿತ್ರೆಯನ್ನು ಹತ್ತಿರದಿಂದ ನೋಡಿದರೆ ಪ್ರಶ್ನೆಯ ನಿಜವಾದ ಭಾರ ತಿಳಿದೀತು.

ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಧ್ಯಪಶ್ಚಿಮ ಭಾಗದಲ್ಲಿ, ಮಿಸೌರಿ ನದಿಯ ದಂಡೆಯ ಮೇಲೆ, ಕ್ಯಾನ್ಸಸ್ ಸಿಟಿ ಎಂಬ ನಗರವುಂಟು. ಸುತ್ತಣ ಬಯಲುಸೀಮೆಯ ದನಗಳೂ ಗೋಧಿಯೂ ಬಂದು ಬಿಕರಿಯಾಗುವ ಪೇಟೆಯಾಗಿ ಬೆಳೆದ ಊರು ಅದು. ಟಾಮ್ ಪೆಂಡರ್ಗಾಸ್ಟ್ ಎಂಬಾತ ಈ ನಗರವನ್ನು ಬಹುಕಾಲ ತನ್ನ ಮುಷ್ಟಿಯಲ್ಲಿ ಇಟ್ಟುಕೊಂಡಿದ್ದನು. ಅವನ ಅಧಿಕಾರವು ಉಚ್ಚಸ್ಥಿತಿಯಲ್ಲಿದ್ದ ಕಾಲದಲ್ಲಿ ಅವನು ಚುನಾಯಿತ ಪದವಿ ಯಾವುದನ್ನೂ ಹೊಂದಿರಲಿಲ್ಲ. ಆದರೂ ಅವನ ಮಾತಿಲ್ಲದೆ ನಗರಸಭೆಯಲ್ಲಿ ಕಡ್ಡಿ ಅಲುಗುತ್ತಿರಲಿಲ್ಲ. ೧೯೨೦ರಿಂದ ೧೯೩೩ರ ವರೆಗೆ ಆ ದೇಶದಲ್ಲೆಲ್ಲ ಮದ್ಯಪಾನ ನಿಷೇಧದ ಶಾಸನ ಜಾರಿಯಲ್ಲಿತ್ತಷ್ಟೆ. ಕ್ಯಾನ್ಸಸ್ ಸಿಟಿಯಲ್ಲಿ ಮಾತ್ರ ಆ ಶಾಸನವು ಕಾಗದದ ಮೇಲೆ ಉಳಿಯಿತು. ಹೆಂಡದಂಗಡಿ, ಜೂಜುಕಟ್ಟೆ, ವೇಶ್ಯಾಗೃಹ ಎಲ್ಲವೂ ಸಲ್ಲಿಸಬೇಕಾದಲ್ಲಿ ಕಪ್ಪವನ್ನು ಸಲ್ಲಿಸಿ, ಬಾಗಿಲು ಮುಚ್ಚದೆ ರಾತ್ರಿಯೆಲ್ಲ ನಡೆಯುತ್ತಿದ್ದವು.

ಆ ರಾತ್ರಿಗಳಲ್ಲಿಯೇ ಒಂದು ಅಪೂರ್ವವಾದ ಸಂಗೀತ ಬೆಳೆಯಿತು. ಹದಿನೆಂಟನೆಯ ಬೀದಿಯೂ ವೈನ್ ಬೀದಿಯೂ ಕೂಡುವೆಡೆಯಲ್ಲಿ ನೀಗ್ರೋ ಜನರ ಕೇರಿಯಿತ್ತು. ಅಲ್ಲಿಯೂ ಹನ್ನೆರಡನೆಯ ಬೀದಿಯ ಉದ್ದಕ್ಕೂ ಇದ್ದ ಪಾನಗೃಹಗಳಲ್ಲಿ ಆ ಜನರ ವಾದ್ಯಗಾರರು ಜಾಜ್ ಸಂಗೀತಕ್ಕೆ ತಮ್ಮದೇ ಆದ ಒಂದು ಬಾಣಿಯನ್ನು ಕೊಟ್ಟರು. ಬರೆದ ಸ್ವರಲಿಪಿಯನ್ನು ನೋಡಿ ಬಾರಿಸುವುದು ಅವರಲ್ಲಿ ಮುಖ್ಯವಾಗಿರಲಿಲ್ಲ. ಒಬ್ಬನು ಒಂದು ಚಿಕ್ಕ ಸ್ವರವಾಕ್ಯವನ್ನು ಎತ್ತಿಕೊಳ್ಳುವನು. ಮೇಳದವರು ಅದನ್ನೇ ಹಿಡಿದು ಮತ್ತೆ ಮತ್ತೆ ಆವರ್ತಿಸುವರು. ಆ ಆವರ್ತನದ ಮೇಲೆ ಒಬ್ಬೊಬ್ಬ ವಾದ್ಯಗಾರನೂ ಸರದಿಯಂತೆ ಎದ್ದುನಿಂತು ತನ್ನ ಮನೋಧರ್ಮಕ್ಕೆ ತೋಚಿದುದನ್ನು ವಿಸ್ತರಿಸುವನು. ಇಂಥ ಕಲೆಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ವ್ಯವಧಾನ. ಅಂದಿನ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು ೩ ನಿಮಿಷಗಳ ಸಂಗೀತ ಹಿಡಿಯುತ್ತಿತ್ತು. ಕ್ಯಾನ್ಸಸ್ ಸಿಟಿಯ ರಾತ್ರಿಯೋ ಬೆಳಗಾಗುವ ತನಕ ಮುಗಿಯುತ್ತಿರಲಿಲ್ಲ. ೧೯೩೩ರಲ್ಲಿ ಚೆರ್ರಿ ಬ್ಲಾಸಮ್ ಎಂಬ ಪಾನಗೃಹಕ್ಕೆ ಸ್ಯಾಕ್ಸಫೋನ್ ವಾದನದಲ್ಲಿ ಅಗ್ರಗಣ್ಯನೆನಿಸಿದ್ದ ಕೋಲ್ಮನ್ ಹಾಕಿನ್ಸ್ ಬಂದನು. ಲೆಸ್ಟರ್ ಯಂಗ್ ಮೊದಲಾದ ತರುಣರು ಅವನನ್ನು ಇದಿರಿಸಿ ನಿಂತರು. ಪಿಯಾನೋ ನುಡಿಸುವವರು ಸೋತುಹೋಗಲು, ನಡುರಾತ್ರಿ ಕಳೆದ ಮೇಲೆ ಮೇರಿ ಲೂ ವಿಲಿಯಮ್ಸ್ ಎಂಬ ವಿದುಷಿಯನ್ನು ಮನೆಯಿಂದ ಎಬ್ಬಿಸಿ ಕರೆತಂದರೆಂದು ಆಕೆಯೇ ಮುಂದೆ ಹೇಳಿದ್ದಾಳೆ. ಆ ವಾದನದ ಯಾವ ಮುದ್ರಣವೂ ಇಲ್ಲ. ಅದರ ಕೀರ್ತಿ ಮಾತ್ರ ಇಂದಿಗೂ ಉಳಿದಿದೆ.

೧೯೨೯ರ ಆರ್ಥಿಕ ಕುಸಿತದ ತರುವಾಯ ದೇಶದ ಇತರ ಪಟ್ಟಣಗಳಲ್ಲಿ ವಾದ್ಯಗಾರರು ಕೆಲಸವಿಲ್ಲದೆ ಅಲೆಯುತ್ತಿರುವಾಗ ಇಲ್ಲಿ ಅವರಿಗೆ ಉದ್ಯೋಗವಿತ್ತು. ಕೌಂಟ್ ಬೇಸಿಯ ಮೇಳವು ೧೯೩೫–೩೬ರಲ್ಲಿ ರೀನೋ ಕ್ಲಬ್ಬೆಂಬ ಸಣ್ಣ ಪಾನಗೃಹದಲ್ಲಿ ನುಡಿಸುತ್ತಿದ್ದಾಗ ಅಲ್ಲಿಂದ ಪ್ರಸಾರವಾದ ಸಂಗೀತವನ್ನು ದೂರದ ಶಿಕಾಗೋದಲ್ಲಿ ರೇಡಿಯೋ ಮೂಲಕ ಕೇಳಿದ ಜಾನ್ ಹ್ಯಾಮಂಡ್ ಎಂಬ ರಸಿಕನಿಂದ ಆ ಮೇಳವು ದೇಶಪ್ರಸಿದ್ಧವಾಯಿತು. ಇಷ್ಟನ್ನೆಲ್ಲ ನೋಡಿದವರು, ಪೆಂಡರ್ಗಾಸ್ಟನು ಭ್ರಷ್ಟನಾದರೇನು, ಅವನಿಲ್ಲದಿದ್ದರೆ ಈ ಸಂಗೀತವೆಲ್ಲಿ, ಎಂದು ಕೇಳುವುದುಂಟು.

ಈ ಮಾತಿಗೆ ಉತ್ತರ ಹೇಳುವ ಮೊದಲು ಲೆಕ್ಕದ ಇನ್ನೊಂದು ಪುಟವನ್ನೂ ಓದಬೇಕಾಗುತ್ತದೆ. ೧೯೩೪ರ ಮಾರ್ಚಿಯಲ್ಲಿ ನಡೆದ ನಗರದ ಚುನಾವಣೆಯ ದಿನ ನಾಲ್ವರು ಕೊಲೆಯಾದರು. ೧೯೩೬ರ ಚುನಾವಣೆಯಲ್ಲಿ ನಡೆದ ಮತಗಳ್ಳತನಕ್ಕಾಗಿ ೨೫೦ಕ್ಕೂ ಮೇಲ್ಪಟ್ಟು ಜನ ನ್ಯಾಯಸ್ಥಾನದಲ್ಲಿ ಅಪರಾಧಿಗಳೆನಿಸಿದರು. ಜೂಜುಕಟ್ಟೆಯಲ್ಲಿ ವಾರದ ಕೂಲಿಯನ್ನು ಕಳೆದುಕೊಂಡವನ ಮನೆಯಲ್ಲಿ ಒಲೆ ಉರಿಯದಿದ್ದುದು ಯಾವ ಚರಿತ್ರೆಯಲ್ಲಿಯೂ ಬರೆದಿಲ್ಲ. ದೇಹವನ್ನು ಮಾರಿ ಕಪ್ಪ ತೆತ್ತ ಹೆಂಗಸರ ಹೆಸರುಗಳೂ ಉಳಿದಿಲ್ಲ. ಸಂಗೀತವನ್ನು ಕೇಳಿ ಸುಖಿಸಿದವರು ಬೇರೆ; ಅದರ ಬೆಲೆಯನ್ನು ತೆತ್ತವರು ಬೇರೆ. ಒಬ್ಬರು ಪಟ್ಟ ಕಷ್ಟವನ್ನು ಮತ್ತೊಬ್ಬರು ಪಟ್ಟ ಸಂತೋಷದಿಂದ ವಜಾ ಮಾಡಿ, ಲೆಕ್ಕ ಸರಿಹೋಯಿತೆಂದು ಹೇಳುವುದು ನೀತಿಯಲ್ಲ, ಬರಿಯ ಗಣಿತ. ಋಣವನ್ನು ತೀರಿಸಿತೆಂದು ಹೇಳುವ ಅಧಿಕಾರವು ಸಾಲ ಕೊಟ್ಟವನಿಗೆ ಉಂಟೇ ಹೊರತು ನೋಡುತ್ತ ನಿಂತವನಿಗೆ ಇಲ್ಲ.

ಹೋಗಲಿ, ಸಂಗೀತಗಾರರಿಗಾದರೂ ಆ ಆಳಿಕೆ ನ್ಯಾಯವನ್ನು ಮಾಡಿತೆ? ಅವರಿಗೆ ದೊರೆತ ಸಂಬಳ ಅಲ್ಪ. ದುಡಿಮೆಯ ಹೊತ್ತು ಬಹಳ. ರೀನೋ ಕ್ಲಬ್ಬಿನೊಳಗೆ ಬಿಳಿಯರ ಜಾಗ ಒಂದು, ಕರಿಯರ ಜಾಗ ಇನ್ನೊಂದು. ಎಷ್ಟೋ ಪಾನಗೃಹಗಳಲ್ಲಿ ಕರಿಯನು ವೇದಿಕೆಯ ಮೇಲೆ ನಿಂತು ನುಡಿಸಬಹುದಾಗಿತ್ತು, ಕೆಳಗೆ ಕುಳಿತು ಕೇಳುವಂತಿರಲಿಲ್ಲ. ಆ ನಗರದಲ್ಲಿ ಬೆಳೆದ ಚಾರ್ಲಿ ಪಾರ್ಕರ್ ಹದಿವಯಸ್ಸಿನಲ್ಲಿಯೇ ಮಾದಕದ್ರವ್ಯಕ್ಕೆ ಅಡಿಯಾಳಾದನು. ಸ್ಯಾಕ್ಸಫೋನ್ ವಾದನದ ಮಾರ್ಗವನ್ನೇ ತಿರುಗಿಸಿದ ಆ ಮಹಾಪ್ರತಿಭೆಯು ೧೯೫೫ರಲ್ಲಿ, ತನ್ನ ೩೪ನೆಯ ವಯಸ್ಸಿನಲ್ಲಿ, ಆರಿಹೋಯಿತು. ಕೆಸರು ಕಮಲವನ್ನು ಸಾಕಿತೆನ್ನುವವರು, ಅದು ದಂಟನ್ನು ಕೊಳೆಯಿಸಿದ್ದನ್ನೂ ಹೇಳಬೇಕಾಗುತ್ತದೆ.

ಇಷ್ಟಾದರೂ ಮೂಲಪ್ರಶ್ನೆ ಹಾಗೆಯೇ ಉಳಿಯಿತು. ಪೆಂಡರ್ಗಾಸ್ಟನ ಆಳಿಕೆಯು ಈ ಸಂಗೀತಕ್ಕೆ ಕಾರಣವೆ, ಅಲ್ಲವೆ? ಇದಕ್ಕೆ ಭಾರತೀಯ ತರ್ಕಶಾಸ್ತ್ರದ ಒಂದು ಹಳೆಯ ದೃಷ್ಟಾಂತವು ಸಹಾಯಕ್ಕೆ ಬರುತ್ತದೆ. ಮಡಕೆಗೆ ಮಣ್ಣು ಉಪಾದಾನಕಾರಣ. ಕುಂಬಾರನೂ ಅವನ ಚಕ್ರವೂ ನಿಮಿತ್ತಕಾರಣ. ಮಣ್ಣನ್ನು ಹೊತ್ತುತಂದ ಕತ್ತೆಯಾದರೋ ಕಾರಣವೇ ಅಲ್ಲ, ಅದು ಅನ್ಯಥಾಸಿದ್ಧ. ಕತ್ತೆಯಿಲ್ಲದೆ ಎತ್ತಿನ ಮೇಲೆ ಹೇರಿ ತಂದರೂ, ಕುಂಬಾರನೇ ತಲೆಯ ಮೇಲೆ ಹೊತ್ತುಕೊಂಡರೂ ಮಡಕೆಯಾಗುತ್ತದೆ. ಪಾಪವೇ ಸಂಗೀತಕ್ಕೆ ಕಾರಣವಾಗಿದ್ದ ಪಕ್ಷದಲ್ಲಿ, ಪಾಪವಿದ್ದ ನಗರಗಳಲ್ಲೆಲ್ಲ ಅಂಥ ಸಂಗೀತ ಹುಟ್ಟಬೇಕಾಗಿತ್ತು. ಹೆಂಡವೂ ಜೂಜೂ ಲಂಚವೂ ಇದ್ದ ಊರುಗಳು ಅಮೆರಿಕದಲ್ಲಿ ಆ ಕಾಲಕ್ಕೆ ನೂರಾರು. ಬೇಸಿಯ ಮೇಳವು ರೂಪುಗೊಂಡ ಊರು ಒಂದೇ. ಕಾರಣವನ್ನು ಬೇರೆ ಕಡೆ ಹುಡುಕಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅದನ್ನು ಹುಡುಕಬೇಕಾದ ಸ್ಥಳವೂ ಆ ನಗರದಲ್ಲಿಯೇ ಉಂಟು. ಅಮೆರಿಕದ ವಾದ್ಯಗಾರರ ಸಂಘದಲ್ಲಿ ಕರಿಯರಿಗೆ ಪ್ರತ್ಯೇಕ ಶಾಖೆಗಳಿದ್ದ ಕಾಲ ಅದು. ಕ್ಯಾನ್ಸಸ್ ಸಿಟಿಯಲ್ಲಿದ್ದುದು ೬೨೭ನೆಯ ಶಾಖೆ. ಅದರ ಸದಸ್ಯರು ೧೯೨೮ರಲ್ಲಿ ಹೈಲೆಂಡ್ ಬೀದಿಯಲ್ಲಿ ಒಂದು ಮನೆಯನ್ನು ಕೊಂಡು, ಸರಿಪಡಿಸಿ, ೧೯೩೦ರಲ್ಲಿ ಪ್ರವೇಶೋತ್ಸವವನ್ನು ನಡೆಸಿದರು. ಕೆಳಗೆ ಕಚೇರಿ, ಮೇಲೆ ವಾದನದ ಅಂಗಣ. ರಾತ್ರಿಯ ಜೀತವನ್ನು ಮುಗಿಸಿದ ವಾದ್ಯಗಾರನು ಮನೆಗೆ ಹೋಗದೆ ಅಲ್ಲಿಗೆ ಬಂದು, ಸಂಬಳ ಕೊಡುವವನಾಗಲಿ ಕುಣಿಯುವ ಗಿರಾಕಿಯಾಗಲಿ ಇಲ್ಲದ ಕಡೆ, ತನ್ನ ಸಮಾನರ ಮುಂದೆ ಮತ್ತೆ ವಾದ್ಯವನ್ನು ಕೈಗೆತ್ತಿಕೊಳ್ಳುತ್ತಿದ್ದನು. ಇದನ್ನು ಪೆಂಡರ್ಗಾಸ್ಟನು ಆಜ್ಞಾಪಿಸಿದ್ದೂ ಅಲ್ಲ, ಅವನಿಗೆ ಇದರಿಂದ ಲಾಭವಿದ್ದುದೂ ಅಲ್ಲ. ಅವನೋ ರಾತ್ರಿ ಬೇಗ ಮಲಗುವ ಅಭ್ಯಾಸದವನೆಂದು ಚರಿತ್ರಕಾರರು ಹೇಳುತ್ತಾರೆ. ಊರಿನ ರಾತ್ರಿಯನ್ನು ತೆರೆದಿಟ್ಟವನು ಆ ರಾತ್ರಿಯ ಸಂಗೀತವನ್ನು ಕೇಳಲಿಲ್ಲ.

ಪಾರ್ಕರನ ಬಾಲ್ಯವೂ ಇದಕ್ಕೆ ಸಾಕ್ಷಿ. ೧೯೩೬ರಲ್ಲಿ ರೀನೋ ಕ್ಲಬ್ಬಿನ ಗೋಷ್ಠಿಯಲ್ಲಿ ಆ ಹುಡುಗನು ತಾಳ ತಪ್ಪಲು, ಮೃದಂಗದಂತೆ ಮೇಳವನ್ನು ನಡೆಸುತ್ತಿದ್ದ ಡ್ರಮ್ಮಿನ ಜೋ ಜೋನ್ಸ್ ತನ್ನ ಕಂಚಿನ ತಾಳವನ್ನು ಅವನ ಕಾಲ ಬಳಿ ಎಸೆದು ಅವಮಾನಪಡಿಸಿದನಂತೆ. ಮುಂದಿನ ವರ್ಷದ ಬೇಸಗೆಯಲ್ಲಿ ಆ ಹುಡುಗನು ಓಜಾರ್ಕ್ ಬೆಟ್ಟಗಳ ಕಡೆ ಒಂದು ಮೇಳದೊಡನೆ ಹೋಗಿ, ಲೆಸ್ಟರ್ ಯಂಗನ ವಾದನದ ತಟ್ಟೆಗಳನ್ನು ಹಾಕಿ ಹಾಕಿ ಕೇಳಿ ಸಾಧನೆ ಮಾಡಿ, ಬೇರೆಯೇ ಒಬ್ಬ ವಾದ್ಯಗಾರನಾಗಿ ಹಿಂದಿರುಗಿದನು. ಹೆಂಡದಂಗಡಿಯು ಅವನಿಗೆ ಕೊಟ್ಟದ್ದು ಪರೀಕ್ಷೆಯ ಮಂಟಪವನ್ನು. ವಿದ್ಯೆಯನ್ನು ಕೊಟ್ಟದ್ದು ಗುರುವಿನ ವಾದನ ಮತ್ತು ಸ್ವಂತ ಸಾಧನೆ.

ಹಾಗಾದರೆ ಋಣವೆಲ್ಲ ವಾದ್ಯಗಾರರಿಗೆ ಸಲ್ಲುತ್ತದೆ, ಪೆಂಡರ್ಗಾಸ್ಟನಿಗೆ ಏನೂ ಇಲ್ಲ, ಎಂದು ಹೇಳಿ ಸಜ್ಜನರು ನೆಮ್ಮದಿಯಾಗಿ ಕುಳಿತುಕೊಳ್ಳಬಹುದೆ? ಕೂಡದು. ಕತ್ತೆಯು ಕಾರಣವಲ್ಲವೆಂದು ತಾರ್ಕಿಕನು ಸಾಧಿಸಿದ ಮಾತ್ರಕ್ಕೆ ಮಣ್ಣು ತಾನಾಗಿ ನಡೆದು ಬರುವುದಿಲ್ಲ. ಕತ್ತೆಯನ್ನು ಓಡಿಸಿದ ಮೇಲೆ ಮತ್ತಾರಾದರೂ ಹೊರಲೇಬೇಕು. ೧೯೩೯ರಲ್ಲಿ ಪೆಂಡರ್ಗಾಸ್ಟನು ವರಮಾನದ ತೆರಿಗೆಯನ್ನು ತಪ್ಪಿಸಿದ ಅಪರಾಧವನ್ನು ಒಪ್ಪಿಕೊಂಡು ೧೫ ತಿಂಗಳ ಸೆರೆಮನೆಯ ಶಿಕ್ಷೆಗೆ ಒಳಗಾದನು. ೧೯೪೦ರಲ್ಲಿ ಸುಧಾರಕರ ಪಕ್ಷವು ನಗರದ ಆಡಳಿತವನ್ನು ಕೈಗೆ ತೆಗೆದುಕೊಂಡಿತು. ಜೂಜುಕಟ್ಟೆಗಳು ಮುಚ್ಚಿದವು, ಲಂಚ ತಗ್ಗಿತು, ಇವೆಲ್ಲ ಒಳ್ಳೆಯ ಕೆಲಸಗಳೇ. ಜೊತೆಯಲ್ಲಿ ಪಾನಗೃಹಗಳ ದೀಪಗಳೂ ಒಂದೊಂದಾಗಿ ಆರಿದವು. ಬೇಸಿಯಂಥವರು ಕೀರ್ತಿಯನ್ನರಸಿ ೧೯೩೬ರಲ್ಲಿಯೇ ಊರು ಬಿಟ್ಟಿದ್ದರು. ಹಿಂದುಳಿದವರಿಗೆ ಈಗ ಹಗಲಿನಲ್ಲಿಯೂ ಜಾಗವಿಲ್ಲ, ರಾತ್ರಿಯಲ್ಲಿಯೂ ಇಲ್ಲವೆಂಬಂತಾಯಿತು. ದುಷ್ಟನು ತನ್ನ ಲಾಭಕ್ಕಾಗಿ, ತನಗೆ ತಿಳಿಯದೆಯೇ, ಕಲೆಗೆ ಮೂರು ವಸ್ತುಗಳನ್ನು ಒದಗಿಸಿದ್ದನು: ನಿಲ್ಲಲು ಒಂದು ಜಾಗ, ಹೊಟ್ಟೆಗೆ ಒಂದಿಷ್ಟು ಸಂಬಳ, ಮುಗಿಯದ ಹೊತ್ತು. ಈ ಮೂರರಲ್ಲಿ ಪಾಪವಾದದ್ದು ಒಂದೂ ಇಲ್ಲ. ಸಭ್ಯರ ಸಭಾಮಂದಿರವು ಇವನ್ನು ಕೊಡಬಹುದಾಗಿತ್ತು, ಕೊಡಲಿಲ್ಲ. ಸಜ್ಜನರು ಮುಚ್ಚಿದ ಬಾಗಿಲಿನ ಮುಂದೆ ನಿಂತವನಿಗೆ ದುರ್ಜನರ ಬಾಗಿಲು ತೆರೆದಿತ್ತು. ಇದು ದುರ್ಜನರ ಪುಣ್ಯವಲ್ಲ, ಸಜ್ಜನರ ಬಾಕಿ.

ಸುಧಾರಣೆಯನ್ನು ಕೈಗೊಳ್ಳುವವರು ಸಾಮಾನ್ಯವಾಗಿ ಮರೆಯುವ ಅಂಶ ಇದೇ. ಕೆಟ್ಟದನ್ನು ಕಿತ್ತುಹಾಕುವುದು ಧರ್ಮದ ಅರ್ಧಭಾಗ ಮಾತ್ರ. ಕೆಟ್ಟದರ ನೆರಳಿನಲ್ಲಿ ಗತಿಯಿಲ್ಲದೆ ನಿಂತಿದ್ದ ಒಳ್ಳೆಯದಕ್ಕೆ ಬೇರೆ ನೆರಳನ್ನು ಕಟ್ಟುವುದು ಉಳಿದ ಅರ್ಧ. ಮೊದಲನೆಯದನ್ನು ಬಿಟ್ಟವನು ಹೇಡಿ. ಎರಡನೆಯದನ್ನು ಬಿಟ್ಟವನು ತನ್ನ ಶುಚಿಯನ್ನು ನೋಡಿ ತಾನೇ ಮೆಚ್ಚಿಕೊಂಡವನು. ಅವನ ಊರು ಶುದ್ಧವಾಗುತ್ತದೆ, ಆದರೆ ಮೌನವಾಗುತ್ತದೆ. ಆ ಮೌನವನ್ನು ಕೇಳಿದ ಮುಂದಿನ ತಲೆಯವರು ಹಳೆಯ ದುಷ್ಟನನ್ನೇ ನೆನೆದು ನಿಟ್ಟುಸಿರುಬಿಟ್ಟರೆ, ಆ ತಪ್ಪಿನಲ್ಲಿ ಸುಧಾರಕನಿಗೂ ಪಾಲುಂಟು.

ಕ್ಯಾನ್ಸಸ್ ಸಿಟಿಯು ಈ ಬಾಕಿಯನ್ನು ಬಹಳ ತಡವಾಗಿ ಸಲ್ಲಿಸಲಾರಂಭಿಸಿತು. ಕರಿಯರ ಶಾಖೆಯೂ ಬಿಳಿಯರ ಶಾಖೆಯೂ ೧೯೭೦ರಲ್ಲಿ ಒಂದಾದವು. ಹೈಲೆಂಡ್ ಬೀದಿಯ ಮನೆಯನ್ನು ೧೯೮೧ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಲಾಯಿತು. ೧೯೯೭ರಲ್ಲಿ ಹದಿನೆಂಟನೆಯ ಬೀದಿಯಲ್ಲಿ ಜಾಜ್ ಸಂಗೀತದ ವಸ್ತುಸಂಗ್ರಹಾಲಯವನ್ನು ತೆರೆದರು. ಸ್ಮಾರಕವೂ ಸಂಗ್ರಹಾಲಯವೂ ಒಳ್ಳೆಯವೇ. ಆದರೆ ಗಾಜಿನ ಪೆಟ್ಟಿಗೆಯೊಳಗಣ ಸ್ಯಾಕ್ಸಫೋನಿಗೆ ಉಸಿರಿಲ್ಲ. ಆ ಮನೆಯ ಗೌರವ ಇರುವುದು ಬೇರೊಂದು ಸಂಗತಿಯಲ್ಲಿ. ಪೆಂಡರ್ಗಾಸ್ಟನು ೧೯೪೫ರಲ್ಲಿ ಸತ್ತನು. ರೀನೋ ಕ್ಲಬ್ಬೂ ಚೆರ್ರಿ ಬ್ಲಾಸಮ್ಮೂ ಎಂದೋ ಅಳಿದುಹೋದವು. ವಾದ್ಯಗಾರರು ತಮ್ಮ ಹಣದಿಂದ ಕೊಂಡ ಮನೆ ಮಾತ್ರ ನಿಂತಿತು. ವಾರದ ಕೊನೆಯ ರಾತ್ರಿಗಳಲ್ಲಿ, ಬೇರೆ ಕಡೆಯ ಕೆಲಸ ಮುಗಿದ ಮೇಲೆ, ಹಿರಿಯರೂ ಕಿರಿಯರೂ ಅಲ್ಲಿ ಸೇರಿ ನಸುಕಿನ ತನಕ ನುಡಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಕತ್ತೆ ಹೋದರೂ ಕುಂಬಾರನು ಮಣ್ಣನ್ನು ತಾನೇ ಹೊತ್ತನು. ಒಬ್ಬ ಕುಂಬಾರನು ಹೀಗೆ ಹೊರಬಲ್ಲನೆಂಬ ಕಾರಣದಿಂದ ಊರವರೆಲ್ಲ ಕೈಕಟ್ಟಿ ನಿಲ್ಲಬಹುದೆಂದು ಮಾತ್ರ ಯಾರೂ ತಿಳಿಯತಕ್ಕದ್ದಲ್ಲ.